ತಂಬುಳಿ ಬಣ್ಣದ ಇಂಜಿನು

ನಮ್ಮವರ ಬಿಳಿ ವೇಷ್ಟಿಯನ್ನು ಒಗೆಯುವ ಕಲ್ಲಿನ ಮೇಲೆ ಹರಡಿ ನೀರು ಚಿಮುಕಿಸುತ್ತಿದ್ದೆ. ಹಿಂದಿನ ದಿನ ಒಂದು ಉಪನಯನದ ಊಟಕ್ಕೆ ಹೋದವರು ಮೊಣಕಾಲಿನ ಮೇಲೆ ಅಂಗೈಯಷ್ಟು ಅಗಲಕ್ಕೆ ಹುಳಿ ಚೆಲ್ಲಿಸಿಕೊಂಡು ಬಂದಿದ್ದರು. ಬಡಿಸುವವರ ತಪ್ಪಂತೆ. ಬಡಿಸುವವರು ಯಾವಾಗಲೂ ಇವರ ಮೊಣಕಾಲಿಗೇ ಯಾಕೆ ಬಡಿಸುತ್ತಾರೆ ಎಂದು ನಾನು ಕೇಳಲಿಲ್ಲ. ಹಳದಿ ಕಲೆ ಚೆನ್ನಾಗಿ ಕುಳಿತಿತ್ತು.

ನಮ್ಮ ಬಾವಿಕಟ್ಟೆಗೂ ಅವರು ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿಗೂ ನಡುವೆ ತೆಂಗಿನ ಮಡಲಿನ ಒಂದು ತಟ್ಟಿ ಮಾತ್ರ. ಆಚೆ ಕೆಮ್ಮಿದರೆ ಈಚೆ ಕೇಳುತ್ತದೆ. ಆಗ ಆಲಂಕಾರಿನ ಧಣಿಗಳ ಸ್ವರ ಕೇಳಿತು. ನಮ್ಮಲ್ಲಿ ಬಣ್ಣಕ್ಕೆ ಬಂದಿದ್ದ ಕಾರಿನ ಯಜಮಾನರು ಅವರು.

"ಇಂಜಿನಿಗೆ ಇನ್ನು ಕೆಂಪೇ ಹೊಡೀರಿ ಮಾರಾಯ್ರೆ. ಅಮ್ಮ ಒಪ್ಪಿ ಆಯ್ತು."

"ಒಪ್ಪಿದ್ರಾ? ಮೊನ್ನೆ ಅಷ್ಟು ಗಟ್ಟಿಯಾಗಿ ಅಲ್ಲ ಅಂದಿದ್ರಲ್ಲ?" ಎಂದರು ನಮ್ಮವರು.

"ಒಪ್ಪಿದ್ದು ಅಂದ್ರೆ, ಬಿಟ್ಟದ್ದು. ಇಲ್ಲಿಂದ ಹೋದ ಮೇಲೆ ಸರಿಯಾಗಿ ಮಾತೇ ಇಲ್ಲ. ನಿನ್ನೆ ಉಗ್ರಾಣದ್ದು, ದೇವರ ಕೋಣೆಯದ್ದು, ಎಲ್ಲ ಬೀಗದ ಕೈ ತಂದು ನನ್ನ ಹೆಂಡತಿಯ ಕೈಯಲ್ಲಿ ಕೊಟ್ಟರು. 'ನನ್ನ ತಲೆಯನ್ನು ಇನ್ನು ನಂಬ್ಲಿಕ್ಕಾಗುದಿಲ್ಲ' ಅಂದ್ರು. ದೇವರ ಕೋಣೆಗೂ ಹೋಗುದಿಲ್ಲ. ನೈವೇದ್ಯ ಇಟ್ಟೆನೋ ಇಲ್ಲವೋ, ಯಾವ ಮಂತ್ರ ಹೇಳಿದೆನೋ, ತಪ್ಪಿದರೆ ಮನೆಗೆ ಆಗುದಿಲ್ಲ ಅಂತ. ಜಗಲಿಯಲ್ಲಿ ಸುಮ್ಮನೆ ಕೂತಿರ್ತಾರೆ. ಎಂತ ಮಾಡುದು, ಪ್ರಾಯ ಆಯ್ತು."

ನನ್ನ ಕೈ ನಿಂತಿತು. ಇಷ್ಟು ವರ್ಷ ದೇವರ ಮುಂದೆ ದೀಪ ಹಚ್ಚಿದ ಹೆಂಗಸು ತನ್ನ ಕೈಯನ್ನೇ ನಂಬದೆ ದೂರ ಕೂತರೆ, ಆ ಮನೆಯಲ್ಲಿ ಮತ್ತೆ ಉಳಿಯುವುದು ಎಂತ?

ಇದೆಲ್ಲ ಅರವತ್ತನೇ ಇಸವಿಯ ನಂತರದ ಮಾತು. ಪುತ್ತೂರಿನಲ್ಲಿ ರಸ್ತೆ ಬದಿಗೆ ನಮ್ಮವರ ಶೆಡ್ಡು, ಅದರ ಹಿಂದೆ ನಮ್ಮ ಬಾಡಿಗೆ ಮನೆ. ಮಂಗಳೂರಿನಲ್ಲಿ ಕೆಲಸ ಕಲಿತು ಬಂದು ಲಾರಿ, ಬಸ್ಸು, ಜೀಪುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮನುಷ್ಯರ ಹತ್ತಿರಕ್ಕಿಂತ ಬಣ್ಣದ ಡಬ್ಬಿಗಳ ಹತ್ತಿರ ಅವರ ಮಾತು ಹೆಚ್ಚು. ನನಗೆ ಅದರಲ್ಲಿ ಬೇಸರವಿರಲಿಲ್ಲ. ಡಬ್ಬಿ ಎದುರು ಮಾತಾಡುವವರು ಮನೆಗೆ ಬಂದು ಜಗಳ ಮಾಡುವುದಿಲ್ಲ, ಅದೂ ದೇವರ ಒಂದು ಉಪಕಾರವೇ.

ಆ ಕಾರು ಎರಡನೇ ಮಹಾಯುದ್ಧಕ್ಕೆ ಎಷ್ಟೋ ವರ್ಷ ಮೊದಲು ಆಲಂಕಾರಿನ ಆ ಮನೆಗೆ ಬಂದದ್ದು. ತಂದವರು ಈಗಿನ ಧಣಿಗಳ ತಂದೆ. ಅವರು ತೀರಿಹೋದ ಮೇಲೆ ಆರು ವರ್ಷ ಅದು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತಂತೆ. ಮೊಮ್ಮಗಳ ಮದುವೆ ಗೊತ್ತಾದಾಗ ಧಣಿಗಳ ತಾಯಿ ಹಿರಿಯಮ್ಮ ಮಗನ ಹತ್ತಿರ ಒಂದೇ ಒಂದು ಕೇಳಿಕೊಂಡರು: ಮದುಮಗಳು ಅಜ್ಜನ ಕಾರಿನಲ್ಲಿ ದಿಬ್ಬಣ ಹೋಗಬೇಕು, ಕಾರು ಬಂದ ದಿನ ಹೇಗಿತ್ತೋ ಹಾಗೇ ಇರಬೇಕು, ಒಳಗೂ ಹೊರಗೂ. ಲಾರಿಗೆ ಕಟ್ಟಿ ಉಪ್ಪಿನಂಗಡಿ ದಾರಿಯಾಗಿ ಪುತ್ತೂರಿಗೆ ತಂದರು. ಪೇಟೆಯ ಮೆಕ್ಯಾನಿಕ್ ಒಬ್ಬರು ಅದಕ್ಕೆ ಉಸಿರು ಬರಿಸಿದರು. ಆಮೇಲೆ ಬಣ್ಣಕ್ಕೆಂದು ನಮ್ಮಲ್ಲಿಗೆ ಬಂತು.

ಹೊರಗಿನ ಮೈ ಕಪ್ಪು. ಅದರಲ್ಲಿ ಯಾರಿಗೂ ಸಂಶಯವಿಲ್ಲ. ಇಂಜಿನಿನ ಬಣ್ಣ ಯಾವುದು ಎಂಬುದೇ ಪ್ರಶ್ನೆಯಾಯಿತು. ಎಣ್ಣೆ, ಧೂಳು, ಮಸಿ ಸೇರಿ ಅದರ ಮೇಲೆ ದೋಸೆಯಷ್ಟು ದಪ್ಪದ ಪದರ. ಕಾರು ಹೊಸತಾಗಿದ್ದಾಗ ನೋಡಿದವರು ಬದುಕಿ ಉಳಿದದ್ದು ಹಿರಿಯಮ್ಮ ಒಬ್ಬರೇ.

ಅವರೇ ಒಂದು ದಿನ ಮಗನ ಜೊತೆ ಬಂದರು. ಚಿಕ್ಕ ಮೈ, ನೇರ ಬೆನ್ನು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟೆ. ಇಂಜಿನಿನ ಬಣ್ಣ ನೆನಪುಂಟೋ ಎಂದು ನಮ್ಮವರು ಕೇಳಿದಾಗ ಅವರು ಲೋಟ ಕೆಳಗಿಟ್ಟರು.

"ಕಾರು ಬಂದ ದಿನ ನಾನು ತಂಬುಳಿಗೆ ಒಂದೆಲಗದ ಸೊಪ್ಪನ್ನು ಕಲ್ಲಲ್ಲಿ ಕಡೀತಾ ಇದ್ದೆ. ಇವನ ಅಪ್ಪ ಬಾನೆಟ್ ಎತ್ತಿ 'ಬಾ, ಬಾ, ನೋಡು' ಅಂತ ಕೂಗಿದ್ರು. ಕೈ ತೊಳೀಲಿಕ್ಕೂ ಪುರುಸೊತ್ತು ಕೊಡಲಿಲ್ಲ. ಓಡಿ ಬಂದೆ. ಇಂಜಿನು ನೋಡಿದೆ, ನನ್ನ ಕೈ ನೋಡಿದೆ. ಎರಡೂ ಒಂದೇ ಬಣ್ಣ."

ಒಂದೆಲಗವನ್ನು ಕಾಯಿ ಹಾಕಿ ಅರೆದು ಮಜ್ಜಿಗೆ ಬೆರೆಸಿದಾಗ ಬರುವ ಬಣ್ಣ ನಿಮಗೆ ಗೊತ್ತಲ್ಲ? ಹಸಿರೂ ಅಲ್ಲ, ಬೂದಿಯೂ ಅಲ್ಲ.

ಧಣಿಗಳು ನಗಾಡಿದರು. "ಅಮ್ಮ, ಇಂಜಿನಿಗೆ ಯಾರಾದ್ರೂ ತಂಬುಳಿ ಬಣ್ಣ ಕೊಡ್ತಾರಾ? ನಾಳೆ ಗಾಲಿಗೆ ಗೊಜ್ಜಿನ ಬಣ್ಣ ಅಂತ ಹೇಳ್ತಿ."

"ನೀನಾಗ ತೊಟ್ಟಿಲಲ್ಲಿದ್ದೆ. ಸುಮ್ಮನೆ ಕೂತ್ಕೋ."

ನಮ್ಮವರು ನಗಲಿಲ್ಲ, ಒಪ್ಪಲೂ ಇಲ್ಲ. ಅವರ ಕ್ರಮವೇ ಹಾಗೆ. ಯಾರ ಬಾಯಿಮಾತನ್ನೂ ನಂಬುವವರಲ್ಲ. "ತೊಳೆದು ನೋಡುವ ಅಮ್ಮ. ಕಬ್ಬಿಣವೇ ಹೇಳ್ತದೆ" ಎಂದರು.

ಕಬ್ಬಿಣ ಹೇಳಿತು, ಆದರೆ ಬೇರೆಯೇ ಹೇಳಿತು. ಬಿಚ್ಚಲು ಬರುವ ಭಾಗಗಳನ್ನೆಲ್ಲ, ಮೇಲಿನ ಮುಚ್ಚಳ, ಬದಿಯ ಮುಚ್ಚಳ, ಫ್ಯಾನು, ನೀರಿನ ಕೊಳವೆ, ಎಲ್ಲ ಬಿಚ್ಚಿ ನಮ್ಮ ಹಳೆಯ ಹಂಡೆಗೆ ಹಾಕಿ ಬಟ್ಟೆ ಒಗೆಯುವ ಸೋಡ ಬೆರೆಸಿ ಅರ್ಧ ದಿನ ಕುದಿಸಿದರು. ಜಿಡ್ಡೆಲ್ಲ ಕರಗಿ ಕರಿ ಕೆಸರಾಗಿ ಹಂಡೆಯ ಅಡಿಗೆ ಹೋಯಿತು. ಅದನ್ನು ನಾನೇ ತೆಂಗಿನ ಬುಡಕ್ಕೆ ಸುರಿದೆ. ಸೋಡವಿಲ್ಲದ ಬರೀ ನೀರು ತಾಗಿದರೆ ತುಕ್ಕು ಹಿಡಿಯುತ್ತದೆಂದು ಅವರು ಭಾಗಗಳನ್ನು ನೀರಿನಲ್ಲಿ ತೊಳೆಯದೆ ಚಿಮಿಣಿ ಎಣ್ಣೆಯ ಬಟ್ಟೆಯಿಂದ ಒರೆಸಿದರು. ಒರೆಸಿದ ಮೇಲೆ ಬೋಳು ಕಬ್ಬಿಣ ಕಂಡಿತು. ಸಂದಿಗಳಲ್ಲಿ, ಮುಚ್ಚಳದ ಉಬ್ಬು ಅಕ್ಷರಗಳ ಸುತ್ತ, ಬೋಲ್ಟಿನ ಗುಳಿಗಳಲ್ಲಿ ಮಾತ್ರ ಬಣ್ಣ ಉಳಿದಿತ್ತು. ಕೆಂಪು, ಹಳೆಯ ಹಂಚಿನ ಹಾಗೆ.

ಹಿರಿಯಮ್ಮನನ್ನು ಕರೆಸಿ ತೋರಿಸಿದರು. ಅವರು ಬಗ್ಗಿ ನೋಡಿದರು. ಬೆರಳಿನಿಂದ ಒಮ್ಮೆ ಮುಟ್ಟಿದರು. "ಅಲ್ಲ" ಎಂದರು.

"ಅಲ್ಲ ಅಂದ್ರೆ ಹೇಗೆ ಅಮ್ಮ? ಕಣ್ಣೆದುರು ಉಂಟಲ್ಲ?" ಎಂದರು ಮಗ. "ಒಂದೆಲಗ ನೆನಪಿಗೆ ಒಳ್ಳೆದಂತೆ. ಇನ್ನು ಸ್ವಲ್ಪ ಜಾಸ್ತಿ ಉಣ್ಣು."

ಮಗ ಕೆಟ್ಟವರಲ್ಲ. ತಮಾಷೆಗೆ ಹೇಳಿದ್ದು. ನಾನೂ ಬಾಯಿಗೆ ಸೆರಗು ಹಿಡಿದು ನಕ್ಕೆ, ಸುಳ್ಳು ಯಾಕೆ ಹೇಳಲಿ. ಹಿರಿಯಮ್ಮ ಮಾತ್ರ ಆ ಕೆಂಪನ್ನೇ ನೋಡುತ್ತಾ ನಿಂತರು. ಆಮೇಲೆ ಮಗನ ಹಿಂದೆ ಬಸ್ಸಿಗೆ ಹೋದರು. ಅವರ ಕೊಡೆ ನಮ್ಮ ಬಾಗಿಲ ಹಿಂದೆಯೇ ಉಳಿಯಿತು. ಪಾಪ, ಮರೆವೇ ಇರಬೇಕು ಎಂದು ನಾನು ಅಂದುಕೊಂಡೆ.

ಇಷ್ಟು ಆಗಿ ನಾಲ್ಕು ದಿನಕ್ಕೆ ಧಣಿಗಳು ಬಂದು ತಟ್ಟಿಯ ಆಚೆ ಈ ಸುದ್ದಿ ಹೇಳುತ್ತಿದ್ದುದು. ದಿಬ್ಬಣಕ್ಕೆ ಒಂದೇ ವಾರ. ಆಚೆಯಿಂದ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುವ ಸದ್ದು ಬಂತು.

ನಾನು ಒಲ್ಲದ ಮನಸ್ಸಿನಿಂದ ಸೋಪು ಎತ್ತಿಕೊಂಡೆ. ದೇವರೇ, ಆ ಹೆಂಗಸನ್ನು ದೇವರ ಕೋಣೆಯಿಂದ ಹೊರಗೆ ಕೂರಿಸಬೇಡ ಎಂದು ಹೇಳುತ್ತಾ ಹುಳಿಯ ಕಲೆಗೆ ಸೋಪು ತಿಕ್ಕಿದೆ.

ಕಲೆ ಕೆಂಪಾಯಿತು.

ಇದು ಹೊಸತಲ್ಲ. ಅಡಿಗೆ ಮಾಡುವ, ಬಟ್ಟೆ ಒಗೆಯುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು, ಅರಸಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಅರಸಿನಕ್ಕೆ ಸುಣ್ಣ ಹಾಕಿದರೆ ಕುಂಕುಮದ ನೀರಾಗುವುದಿಲ್ಲವೇ? ಮದುವೆಯಾದಾಗಿನಿಂದ ಇವರ ವೇಷ್ಟಿಗಳಲ್ಲಿ ವಾರಕ್ಕೊಮ್ಮೆ ನೋಡಿದ್ದೇನೆ. ಆದರೆ ಆ ದಿನ ನಾನು ನೋಡಿದ್ದು ವೇಷ್ಟಿಯನ್ನಲ್ಲ. ಮುಚ್ಚಳದ ಉಬ್ಬು ಅಕ್ಷರಗಳ ಸುತ್ತ ಇದ್ದ ಕೆಂಪು ಇದೇ ಕೆಂಪು. ಸೋಪು ಮಾಡುವುದನ್ನು ಸೋಡವೂ ಮಾಡುತ್ತದೆ, ಆ ಸೋಡದ ಹಂಡೆ ನನ್ನದೇ.

ಸೋಪಿನ ಕೈಯಲ್ಲೇ ತಟ್ಟಿ ದಾಟಿ ಓಡಿದೆ. ನಮ್ಮವರು ಕೆಂಪು ಬಣ್ಣ ಕಲಕಿ ಬ್ರಷ್ ಅದ್ದಿದ್ದರು.

"ನಿಲ್ಲಿ! ಹೊಡೀಬೇಡಿ!"

"ಎಂತ? ಹಾವು ಬಂತಾ?"

"ಹಾವಲ್ಲ. ವೇಷ್ಟಿ."

ಇಬ್ಬರೂ ನನ್ನನ್ನು ನೋಡಿದರು. ಧಣಿಗಳ ಎದುರು ನಾನು ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದು ಅದೇ ಮೊದಲು. ನಾಚಿಕೆ ಆಮೇಲೆ ಮಾಡುವ ಎಂದು ನೇರ ಅವರನ್ನೇ ಕೇಳಿದೆ: "ಅಣ್ಣ, ನಿಮ್ಮಲ್ಲಿ ಆಯುಧಪೂಜೆಗೆ ಕಾರಿಗೆ ಅರಸಿನ ಎಲ್ಲಿ ಹಚ್ತಿದ್ರು?"

"ಅರಸಿನವಾ? ಅಪ್ಪ ಹೊರಗೆ ಹಚ್ಚಿದವರೇ ಅಲ್ಲ, ಕಪ್ಪು ಹಾಳಾಗ್ತದೆ ಅಂತ. ಬಾನೆಟ್ ಎತ್ತಿ ಒಳಗೆ ಬಳೀತಿದ್ರು. ಕಾರಿನ ಜೀವ ಇರುದು ಅಲ್ಲಿ, ಪೂಜೆ ಜೀವಕ್ಕೆ ಆಗ್ಬೇಕು ಅಂತಿದ್ರು. ನವರಾತ್ರಿಗೆ ಮಾತ್ರ ಅಲ್ಲ, ಸುಬ್ರಹ್ಮಣ್ಯಕ್ಕೆ ಹೊರಟ್ರೂ ಬಳಿದೇ ಹೋಗುದು. ತೆಂಗಿನೆಣ್ಣೆಯಲ್ಲಿ ಕಲಸಿ." ಹೇಳುತ್ತಾ ಹೇಳುತ್ತಾ ಅವರ ಸ್ವರ ಸಣ್ಣದಾಯಿತು.

ನಾನು ಒಳಗೆ ಹೋಗಿ ಒಂದು ಲಿಂಬೆಹುಳಿ ಕೊಯ್ದು ತಂದೆ. ಹುಳಿ ತಾಗಿದರೆ ಆ ಕೆಂಪು ಮತ್ತೆ ಹಳದಿಯಾಗಬೇಕು, ಅದು ಬಣ್ಣದ ಡಬ್ಬಿಯದ್ದಾದರೆ ಕದಲಬಾರದು. ಬದಿಯ ಮುಚ್ಚಳದ ಅಕ್ಷರದ ಸಂದಿಗೆ ಹಿಂಡಿದೆ. ಸಣ್ಣಗೆ ನೊರೆ ಬಂತು. ನೋಡುತ್ತಿದ್ದ ಹಾಗೇ ಕೆಂಪು ಹಿಂದೆ ಸರಿದು ಹಳದಿ ಎದ್ದಿತು. ಯಾರೋ ಮುಸುಕು ತೆಗೆದ ಹಾಗೆ.

ನಮ್ಮವರು ಬೆರಳಿಗೆ ತಾಗಿಸಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಇಷ್ಟು ವರ್ಷ ಬಣ್ಣದಲ್ಲಿ ಕೈ ಅದ್ದಿದೆ. ಕೊನೆಗೆ ಸಾಂಬಾರ ಡಬ್ಬಿ ನನ್ನನ್ನು ಮಂಗ ಮಾಡಿತಲ್ಲ ಮಾರಾಯ್ತಿ!"

ಧಣಿಗಳಿಗೆ ನಗು ಬರಲಿಲ್ಲ. "ಹಾಗಾದ್ರೆ ಅಸಲು ಬಣ್ಣ?" ಎಂದು ಕೇಳಿದರು.

ನಮ್ಮವರ ಮುಖ ಇಳಿಯಿತು. "ಸೋಡ ತಿಂದಿತು. ಇವಳು ತೆಂಗಿನ ಬುಡಕ್ಕೆ ಸುರಿದದ್ದು ಅದೇ ಇರಬೇಕು."

ಕೆಂಪು ಸುಳ್ಳೆಂದು ಗೊತ್ತಾಯಿತು. ಆದರೆ ತಂಬುಳಿ ನಿಜವೆಂದು ಗೊತ್ತಾಗಲಿಲ್ಲವಲ್ಲ. 'ಏನೋ ಒಂದು ಬಣ್ಣವಿತ್ತು' ಎಂದು ಹೇಳಿದರೆ ಹಿರಿಯಮ್ಮ ಮತ್ತೆ ದೇವರ ಕೋಣೆಗೆ ಹೋಗುವವರಲ್ಲ. ನಾನು ನಿಂತು ಯೋಚಿಸಿದೆ. ದೊಡ್ಡ ಯೋಚನೆ ಏನೂ ಅಲ್ಲ. ನಮ್ಮ ರವಿಕೆ ಹಳತಾಗಿ ಬಣ್ಣ ಹೋದಾಗ ಅದೇ ಬಣ್ಣದ ಬಟ್ಟೆ ತರಬೇಕಾದರೆ ನಾವು ಎಂತ ಮಾಡುತ್ತೇವೆ? ಕಂಕುಳದ ಹೊಲಿಗೆ ಬಿಚ್ಚಿ ಒಳಮಡಿಕೆ ನೋಡುತ್ತೇವೆ. ಬಿಸಿಲು ಕಾಣದ ಕಡೆ ಬಣ್ಣ ಹೋಗಿರುವುದಿಲ್ಲ.

"ಈ ಇಂಜಿನಿಗೆ ಹೊಲಿಗೆಯ ಒಳಗೆ ಅಂತ ಯಾವ ಜಾಗವೂ ಇಲ್ವಾ? ಯಾರೂ ಬಿಚ್ಚದ್ದು?" ಎಂದೆ.

ನಮ್ಮವರು ಕಾರಿನೊಳಗೆ ಉಳಿದಿದ್ದ ಇಂಜಿನಿನ ಬುಡದ ಕಡೆಗೆ ನಡೆದರು. ಅದು ಹಂಡೆಗೆ ಹಿಡಿಯುವಂಥದ್ದಲ್ಲ, ಸೋಡ ಕಾಣಲಿಲ್ಲ, ಆದರೆ ಹೊರಗಿನ ಬಣ್ಣ ಬಿಸಿಗೆ ಸುಟ್ಟು ಮಸಿಯಾಗಿತ್ತು. ಅದರ ಬದಿಯಲ್ಲಿ ಎರಡು ಬೆರಳಗಲದ ಹಿತ್ತಾಳೆಯ ತಗಡು. ಯಾವ ಎಣ್ಣೆ ಎಷ್ಟು ಹಾಕಬೇಕೆಂದು ಇಂಗ್ಲಿಷಿನಲ್ಲಿ ಬರೆದದ್ದು. ಅದಕ್ಕೆ ಎರಡು ಪುಟ್ಟ ತಿರುಪುಗಳು. ಚಿಮಿಣಿ ಎಣ್ಣೆ ಬಿಟ್ಟು ಕಾದರು. ಮೊದಲನೆಯದು ಬಂತು. ಎರಡನೆಯದು ಬರಲಿಲ್ಲ. ತಲೆ ತುಂಡಾದರೆ ಆಯಿತು ಎಂದು ಬೆವರು ಒರೆಸಿಕೊಂಡರು. ನಾನು ನಮ್ಮ ಮಹಾಲಿಂಗೇಶ್ವರನನ್ನು ನೆನೆದು, ಸೋಮವಾರ ಎಣ್ಣೆ ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಕಟಕ್ಕೆಂದು ಅದು ತಿರುಗಿತು.

ತಗಡು ಎತ್ತಿದರು.

ಅದರ ಕೆಳಗೆ ಒಂದೆಲಗದ ತಂಬುಳಿ ಇತ್ತು.

ಇದಕ್ಕಿಂತ ಬೇರೆ ಹೇಗೆ ಹೇಳಬೇಕೆಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಸುತ್ತಲೂ ಮಸಿ, ನಡುವೆ ಎರಡು ಬೆರಳಗಲ ತಣ್ಣನೆಯ ಹಸಿರು, ಈಗ ತಾನೇ ಕಡೆದು ಮಜ್ಜಿಗೆ ಬೆರೆಸಿದ ಹಾಗೆ. ಆ ಕಾರು ಎಷ್ಟು ಘಟ್ಟ ಹತ್ತಿತ್ತೋ, ಒಳಗೆ ಎಷ್ಟು ಬೆಂಕಿ ಉರಿದಿತ್ತೋ. ಯಜಮಾನರು ಹೋದರು, ಕೋಳಿಗಳು ಬಂದವು. ಅದು ಮಾತ್ರ ತಗಡಿನ ಹಿಂದೆ ಬೆಳಕೂ ಕಾಣದೆ, ಯಾರಿಗೂ ಕಾಣಿಸದೆ ಇದ್ದಲ್ಲೇ ಇತ್ತು. ಇನ್ನೊಂದು ಅಷ್ಟೇ ಬಣ್ಣ ಹಿರಿಯಮ್ಮನ ತಲೆಯೊಳಗೆ ಇತ್ತು. ನಾವು ನಂಬಲಿಲ್ಲವೆಂದು ಎರಡರಲ್ಲಿ ಯಾವುದೂ ಮಾಸಿರಲಿಲ್ಲ. ನನಗೆ ಗೊತ್ತಿಲ್ಲದ ಹಾಗೆ ಕೈ ಮುಗಿದು ಹೋಯಿತು, ಸೋಪಿನ ಕೈ.

ಧಣಿಗಳು ಶೆಡ್ಡಿನ ಕಂಬ ಹಿಡಿದುಕೊಂಡು ನಿಂತಿದ್ದರು. "ನಾನು ನಗಾಡಿದೆ" ಎಂದರು, ಅಷ್ಟೆ.

"ಅಮ್ಮನಿಗೆ ಈಗಲೇ ಹೇಳ್ಬೇಡಿ" ಎಂದರು ನಮ್ಮವರು. "ಬಾಯಲ್ಲಿ ಹೇಳಿದ್ರೆ ನೀವು ಸಮಾಧಾನಕ್ಕೆ ಹೇಳಿದ್ದು ಅಂದಾರು. ಬಂದು ನೋಡ್ಲಿ."

ಆ ಬಣ್ಣ ಡಬ್ಬಿಯಲ್ಲಿ ಸಿಗುವಂಥದ್ದಲ್ಲ. ಬಿಳಿಗೆ ಹಸಿರು ಹಾಕಿ, ಕಪ್ಪು ಒಂದು ಹನಿ, ಹಳದಿ ಅರ್ಧ ಹನಿ ಎಂದು ನಮ್ಮವರು ಮೂರು ದಿನ ಕಲಕಿದರು. ಹಸಿಯಿದ್ದಾಗ ಸರಿಯೆನಿಸಿದ್ದು ಒಣಗಿದಾಗ ಕಪ್ಪಾಗುತ್ತಿತ್ತು. ಡಬ್ಬಿಯ ಮುಚ್ಚಳಗಳಿಗೆ ಬಳಿದು ಬಿಸಿಲಿನಲ್ಲಿಟ್ಟು, ಒಣಗಿದ ಮೇಲೆ ಒಂದೊಂದನ್ನೇ ಆ ತುಂಡಿನ ಪಕ್ಕ ಹಿಡಿಯುತ್ತಿದ್ದರು. ನನ್ನನ್ನೂ ಕರೆಯುತ್ತಿದ್ದರು, ಮೊದಲು ಹಾಗೆ ಕರೆದವರಲ್ಲ. ಬಚ್ಚಲ ನೀರು ಹೋಗುವಲ್ಲಿ ನಾನು ನೆಟ್ಟ ಒಂದೆಲಗವಿತ್ತು. ಕಡೆದು ತಂಬುಳಿ ಮಾಡಿ ಬಟ್ಟಲಲ್ಲಿ ತಂದಿಟ್ಟೆ. ಎರಡು ಗಂಟೆಯಲ್ಲಿ ಅದರ ಬಣ್ಣವೂ ಕಂದುತ್ತಿತ್ತು. ಮತ್ತೆ ಕಡೆಯುವುದು. ಬಣ್ಣ ಕಂದಿದ್ದನ್ನು ಮಧ್ಯಾಹ್ನ ಉಣ್ಣುವುದು. ಬೇಸಗೆಯಲ್ಲಿ ಮೂರು ದಿನ ಹೊಟ್ಟೆ ತಂಪಾಗಿತ್ತು, ಅದನ್ನೂ ಉಪಕಾರದ ಲೆಕ್ಕಕ್ಕೇ ಸೇರಿಸಿದ್ದೇನೆ.

ಮೂರನೆಯ ದಿನ ನಮ್ಮವರು ಹಳೆಯ ತುಂಡಿಗೆ ತಾಗಿಸಿ ಪಕ್ಕದಲ್ಲಿ ಹೊಸತನ್ನು ಒಂದು ಗೀಟು ಎಳೆದರು. ಒಣಗುವವರೆಗೆ ಕಾದೆವು. ಮತ್ತೆ ನೋಡಿದರೆ ಹಳತು ಎಲ್ಲಿ ಮುಗಿಯಿತು, ಹೊಸತು ಎಲ್ಲಿ ಶುರುವಾಯಿತು ಎಂಬ ಅಂಚೇ ಇಲ್ಲ. ಇಬ್ಬರೂ ಬಗ್ಗಿ ಹುಡುಕಿದೆವು. ಸಿಗಲಿಲ್ಲ.

ಮುಚ್ಚಳ, ಫ್ಯಾನು, ಕೊಳವೆ, ಬುಡ, ಎಲ್ಲಕ್ಕೂ ಅದೇ ಬಣ್ಣವಾಯಿತು. ತಗಡಿನ ಕೆಳಗಿನ ಆ ಎರಡು ಬೆರಳಗಲಕ್ಕೆ ಮಾತ್ರ ಅವರು ಬ್ರಷ್ ತಾಗಿಸಲಿಲ್ಲ. "ಅದು ಹಾಗೇ ಇರ್ಲಿ. ಇನ್ನು ಯಾರಿಗಾದ್ರೂ ಬೇಕಾದೀತು" ಎಂದು ತಗಡು ಕೂರಿಸಿ ತಿರುಪು ಬಿಗಿದರು.

ಕಾರು ಕೊಂಡುಹೋಗುವ ದಿನ ಬೆಳಿಗ್ಗೆ ಹಿರಿಯಮ್ಮ ಮಗನ ಜೊತೆ ಬಂದರು. ಸೊಂಟದಲ್ಲಿ ಬೀಗದ ಕೈ ಇಲ್ಲ. ನೇರವಿದ್ದ ಬೆನ್ನು ಸ್ವಲ್ಪ ಬಾಗಿದ ಹಾಗೆ ಕಂಡಿತು. ಜಗಲಿಯಲ್ಲೇ ಕೂತರು.

"ನೋಡ್ಲಿಕ್ಕೆ ಎಂತ ಉಂಟು? ಯಾವ ಬಣ್ಣ ಆದ್ರೂ ಆಯ್ತು. ಓಡಿದರೆ ಸಾಕು" ಎಂದರು.

"ಬನ್ನಿ ಅಮ್ಮ, ಒಮ್ಮೆ" ಎಂದು ನಾನು ಕೈ ಹಿಡಿದೆ. ನನ್ನ ಮೇಲಿನ ದಾಕ್ಷಿಣ್ಯಕ್ಕೆ ಎದ್ದರು.

ಮಗನೇ ಬಾನೆಟ್ ಎತ್ತಿದರು. ಹಿರಿಯಮ್ಮ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬಲಗೈ ಎತ್ತಿ ತನ್ನ ಅಂಗೈ ನೋಡಿಕೊಂಡರು. ಮತ್ತೆ ಇಂಜಿನು ನೋಡಿದರು.

"ಕೈ ತೊಳೀದೆ ಬಂದಿದ್ದೆ ಅಂತ ಹೇಳಿದೆನಲ್ಲ" ಎಂದರು.

ನಮ್ಮವರು ತಗಡು ಬಿಚ್ಚಿ ಒಳಗಿನ ಹಳೆಯ ಬಣ್ಣ ತೋರಿಸಿದರು, ಇದು ನಾನು ಹೊಡೆದದ್ದಲ್ಲ ಎಂದರು. ನಾನು ವೇಷ್ಟಿಯ ಕತೆ ಹೇಳಿದೆ. ಅರಸಿನ ಎಂದ ಕೂಡಲೇ ಅವರು ನನ್ನನ್ನು ತಡೆದರು.

"ಅರಸಿನವಾ? ಅದನ್ನು ಪ್ರತಿ ಸಲ ಅರೆದು ಕೊಟ್ಟದ್ದು ಯಾರು? ನಾನೇ ಅಲ್ವಾ ಮಗಳೇ!"

ಎಂದು ನಗಲು ಶುರುಮಾಡಿದವರು ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿಸಬೇಕಾಯಿತು. ಮಗ ತಲೆ ತಗ್ಗಿಸಿ ನಿಂತಿದ್ದರು. ಅವರ ಕಡೆ ತಿರುಗಿ, "ನಿನಗೂ ಸ್ವಲ್ಪ ಒಂದೆಲಗ ಬಡಿಸ್ಲಿಕ್ಕೆ ಹೇಳ್ತೇನೆ" ಎಂದರು.

"ಬಡಿಸಮ್ಮ" ಎಂದರು ಅವರು. ಸ್ವಲ್ಪ ಬಿಟ್ಟು, "ಬೀಗದ ಕೈ ಅವಳ ಹತ್ರ ಉಂಟು. ಹೋದ ಕೂಡಲೇ ಕೊಡಿಸ್ತೇನೆ."

"ಉಗ್ರಾಣದ್ದು ಅವಳ ಹತ್ರವೇ ಇರ್ಲಿ. ಕಲೀಲಿ. ದೇವರ ಕೋಣೆಯದ್ದು ಮಾತ್ರ ನನಗೆ ಕೊಡು. ಐದಾರು ದಿನ ದೇವರು ಸೊಸೆಯ ಅಡಿಗೆ ಉಂಡಿದ್ದಾನೆ, ಪಾಪ."

ಹೊರಡುವ ಮೊದಲು ನನ್ನ ಹತ್ತಿರ ಒಂದು ಚಿಟಿಕೆ ಅರಸಿನ ಕೇಳಿದರು. ನಮ್ಮವರ ಮುಖ ನೋಡಬೇಕಿತ್ತು, ಒಣಗಿದ ಬಟ್ಟೆಗೆ ಕಾಗೆ ಹಿಕ್ಕೆ ಹಾಕಿದರೆ ನನ್ನ ಮುಖ ಆಗುವ ಹಾಗೆ. ಹಿರಿಯಮ್ಮ ಅದನ್ನು ಎಣ್ಣೆಯಲ್ಲಿ ಕಲಸಿ ಹಿತ್ತಾಳೆಯ ತಗಡಿನ ಮೇಲೆ ಒಂದೇ ಒಂದು ಬೊಟ್ಟು ಇಟ್ಟು ಕಣ್ಣು ಮುಚ್ಚಿದರು.

"ಇಡದೆ ಇರ್ಲಿಕ್ಕೆ ಆಗ್ತದಾ?" ಎಂದರು ಕಣ್ಣು ತೆರೆದು.

"ಇಡಿ ಅಮ್ಮ. ಸೋಡ ಮಾತ್ರ ಯಾರೂ ಹಾಕ್ಬೇಡಿ" ಎಂದರು ನಮ್ಮವರು.

ಕಾರು ಹತ್ತಿ ಕೂತ ಮೇಲೆ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಮಗಳೇ, ನನ್ನ ಕೊಡೆ ನಿಮ್ಮ ಬಾಗಿಲ ಹಿಂದೆ ಉಂಟು. ಆ ದಿನ ಬಿಟ್ಟು ಹೋದದ್ದು ಬಸ್ಸು ಹತ್ತುವಾಗಲೇ ಗೊತ್ತಾಗಿತ್ತು. ತಿರುಗಿ ಬರ್ಲಿಕ್ಕೆ ಮನಸ್ಸಾಗ್ಲಿಲ್ಲ."

ಓಡಿ ತಂದುಕೊಟ್ಟೆ. ಕಾರು ಉಪ್ಪಿನಂಗಡಿ ರಸ್ತೆಗೆ ತಿರುಗಿತು. ಅದರ ಬಾನೆಟ್ಟಿನ ಒಳಗೆ ಎಂಥ ಬಣ್ಣವುಂಟೆಂದು ದಾರಿಯಲ್ಲಿ ಹೋಗುವ ಯಾರಿಗೂ ಕಾಣುವುದಿಲ್ಲ. ನಮ್ಮವರು ರಸ್ತೆಯನ್ನೇ ನೋಡುತ್ತಾ ನಿಂತಿದ್ದರು, ನಾನೂ ನಿಂತಿದ್ದೆ. ಅಷ್ಟರಲ್ಲಿ ಒಳಗೆ ಒಲೆಯ ಮೇಲಿಟ್ಟಿದ್ದ ಕುಚ್ಚಲಕ್ಕಿ ಉಕ್ಕಿ ಬೆಂಕಿಗೆ ಬಿದ್ದ ಸದ್ದು ಕೇಳಿತು. ಗಂಜಿ ಬಸಿಯಲು ಒಳಗೆ ಓಡಿದೆ.